ಗಡಿಯ ಮಣ್ಣು, ಮನೆಯ ಕೆಂಪು ಬಾಗಿಲು

ನಮ್ಮ ಮನೆಯಲ್ಲಿ ಹಾರರ್ ಸಿನಿಮಾ ನೋಡುವ ಪದ್ಧತಿ ಇಲ್ಲ. ಉಮ್ಮನಿಗೆ ಅದು ಜಿನ್ನಿನ ವಿಷಯ, ರಾತ್ರಿ ಅಂಥದ್ದೆಲ್ಲ ಹಾಕಬಾರದು. ನನಗೆ ಅದು ಸುಮ್ಮನೆ ಸಮಯ ಹಾಳು. ಆದರೆ ಕಳೆದ ತಿಂಗಳು ಪ್ಲಸ್ ಟು ಓದುತ್ತಿರುವ ಮಗಳು ಲ್ಯಾಪ್‌ಟಾಪ್ ಹಿಡಿದುಕೊಂಡು ಬಂದು, "ಉಪ್ಪ, ಇದರಲ್ಲಿ ಭೂತ ಇಲ್ಲ, ಕಾಯಿಲೆ ಮಾತ್ರ ಇರೋದು, ನೋಡಿ" ಎಂದಳು. ಇಶಾ ಮುಗಿಸಿ ಕುಳಿತೆ. ಒಂದೂವರೆ ಗಂಟೆಯ ಸಿನಿಮಾ. ಆ ರಾತ್ರಿ ನಿದ್ದೆ ಬರಲಿಲ್ಲ. ಹೆದರಿಕೆಯಿಂದ ಅಲ್ಲ. ಯಾಕೆ ಅಂತ ಹೇಳಲಿಕ್ಕೇ ಈ ಲೇಖನ.

ಸಿನಿಮಾದ ಹೆಸರು 'ಇಟ್ ಕಮ್ಸ್ ಅಟ್ ನೈಟ್'. 2017ರಲ್ಲಿ ಬಂದ ಅಮೆರಿಕದ ಚಿತ್ರ, ನಿರ್ದೇಶಕ ಟ್ರೇ ಎಡ್ವರ್ಡ್ ಶಲ್ಟ್ಸ್. ಕೋವಿಡ್ ಶುರುವಾಗುವುದಕ್ಕೆ ಎರಡು ವರ್ಷ ಮೊದಲಿನದ್ದು ಎನ್ನುವುದನ್ನು ನೆನಪಿಡಿ. ಹೆಸರು ಕೇಳಿದವರಿಗೆ ರಾತ್ರಿ ಏನೋ ಬರುತ್ತದೆ ಅನಿಸುತ್ತದೆ. ಕೊನೆಯವರೆಗೆ ಏನೂ ಬರುವುದಿಲ್ಲ. ಅಮೆರಿಕದಲ್ಲಿ ಮೊದಲ ದಿನ ಥಿಯೇಟರಿಗೆ ಹೋದ ಪ್ರೇಕ್ಷಕರು ಇದಕ್ಕೆ ತೀರಾ ಕಳಪೆ ಅಂಕ ಕೊಟ್ಟರಂತೆ. ರಾಕ್ಷಸನನ್ನು ಕಾಯುತ್ತಾ ಕುಳಿತವರಿಗೆ ಮನೆಯ ಯಜಮಾನನನ್ನು ತೋರಿಸಿದರೆ ಸಿಟ್ಟು ಬರುವುದೇ.

ಕಥೆಯನ್ನು ಪೂರ್ತಿ ಹೇಳಿಬಿಡುತ್ತೇನೆ. ಹೇಳದೆ ನನ್ನ ಮಾತು ಮುಂದೆ ಹೋಗುವುದಿಲ್ಲ. ನೋಡಬೇಕೆಂದಿರುವವರು ನೋಡಿ ಬಂದು ಓದಿ.

ಯಾವುದೋ ಸಾಂಕ್ರಾಮಿಕ ಹಬ್ಬಿದೆ. ಏನು ರೋಗ, ಎಲ್ಲಿಂದ ಬಂತು, ಸರಕಾರ ಉಳಿದಿದೆಯೋ ಇಲ್ಲವೋ, ಒಂದನ್ನೂ ಹೇಳುವುದಿಲ್ಲ. ಕಾಡಿನ ಮಧ್ಯೆ ಕಿಟಕಿಗಳಿಗೆಲ್ಲ ಹಲಗೆ ಹೊಡೆದ ಒಂದು ದೊಡ್ಡ ಮನೆ. ಒಳಗೆ ಪಾಲ್, ಅವನ ಹೆಂಡತಿ ಸಾರಾ, ಹದಿನೇಳು ವರ್ಷದ ಮಗ ಟ್ರಾವಿಸ್, ಒಂದು ನಾಯಿ. ಮೊದಲ ದೃಶ್ಯದಲ್ಲೇ ಸಾರಾಳ ತಂದೆ ಸಾಯುವ ಸ್ಥಿತಿಯಲ್ಲಿದ್ದಾನೆ, ಮೈಮೇಲೆಲ್ಲ ಹುಣ್ಣು. ಮಗಳು ಮುಖಕ್ಕೆ ಗ್ಯಾಸ್ ಮಾಸ್ಕ್ ಕಟ್ಟಿಕೊಂಡು ಅವನಿಗೆ ಸಮಾಧಾನ ಹೇಳುತ್ತಾಳೆ. ಆಮೇಲೆ ಅಳಿಯ, ಮೊಮ್ಮಗ ಸೇರಿ ಅವನನ್ನು ಕೈಗಾಡಿಯಲ್ಲಿ ಕಾಡಿಗೆ ತಳ್ಳಿಕೊಂಡು ಹೋಗಿ, ಗುಂಡು ಹೊಡೆದು, ಗುಂಡಿಗೆ ಹಾಕಿ ಸುಡುತ್ತಾರೆ. ನಿರ್ದೇಶಕನೇ ಹೇಳಿಕೊಂಡಂತೆ, ಅವನು ತನ್ನ ತಂದೆ ತೀರಿಹೋದ ಮೇಲೆ ಇದನ್ನು ಬರೆದದ್ದು; ಮಗಳು ಆಡುವ ಆ ಸಮಾಧಾನದ ಮಾತು ಅವನು ತಂದೆಗೆ ಹೇಳಿದ ಮಾತಿನಿಂದ ಬಂದದ್ದು. ಆ ದೃಶ್ಯದಲ್ಲಿ ನನಗೆ 2020, 2021 ನೆನಪಾಯಿತು. ಮಯ್ಯತ್ತಿಗೆ ಸ್ನಾನ ಇಲ್ಲ, ಮುಖ ತೋರಿಸುವುದಿಲ್ಲ, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಬಿಳಿ ಪಿಪಿಇ ಹಾಕಿದ ನಾಲ್ಕು ಹುಡುಗರು ಕಬರಿಗೆ ಇಳಿಸುವುದು, ಮಕ್ಕಳು ದೂರ ರಸ್ತೆಯಲ್ಲಿ ನಿಂತು ನೋಡುವುದು. ನಮ್ಮ ಕಡೆ ಆ ಹುಡುಗರಿಲ್ಲದಿದ್ದರೆ ಎಷ್ಟೋ ಮನೆಯವರ ಗತಿ ಏನಾಗುತ್ತಿತ್ತೋ.

ಪಾಲ್‌ನ ಮನೆಯಲ್ಲಿ ಕಾನೂನುಗಳಿವೆ. ಹೊರಗೆ ಹೋಗುವಾಗ ಇಬ್ಬರು ಜೊತೆಗೆ ಹೋಗಬೇಕು. ರಾತ್ರಿ ಹೋಗಲೇಬಾರದು. ಒಳಗೆ ಬರಲು, ಹೊರಗೆ ಹೋಗಲು ಒಂದೇ ದಾರಿ. ಅದಕ್ಕೆ ಕೆಂಪು ಬಾಗಿಲು. ಅದರ ಕೀಲಿಕೈ ಯಜಮಾನನ ಬಳಿ. ಒಂದು ರಾತ್ರಿ ಯಾರೋ ಆ ಬಾಗಿಲು ಒಡೆಯಲು ನೋಡುತ್ತಾನೆ. ಹೆಸರು ವಿಲ್. ಮನೆ ಖಾಲಿ ಇದೆ ಅಂದುಕೊಂಡೆ, ಹೆಂಡತಿ ಮಗುವಿಗೆ ನೀರು ಹುಡುಕುತ್ತಿದ್ದೆ ಎನ್ನುತ್ತಾನೆ. ಪಾಲ್ ಅವನನ್ನು ಮರಕ್ಕೆ ಕಟ್ಟಿ, ಬಾಯಿಗೆ ಟೇಪ್ ಸುತ್ತಿ ಬಿಡುತ್ತಾನೆ. ರೋಗ ಇಲ್ಲ ಅಂತ ಖಾತ್ರಿಯಾದ ಮೇಲೆ ಅವನ ಹೆಂಡತಿ ಮತ್ತು ಪುಟ್ಟ ಮಗನನ್ನೂ, ಅವರ ಆಡು ಕೋಳಿಗಳನ್ನೂ ಕರೆತರುತ್ತಾರೆ. ಎರಡು ಕುಟುಂಬ ಒಂದೇ ಮನೆಯಲ್ಲಿ. ಸ್ವಲ್ಪ ದಿನ ನಗು ಕೂಡ ಕೇಳಿಸುತ್ತದೆ. ಮಧ್ಯದ ಆ ಹತ್ತು ಹದಿನೈದು ನಿಮಿಷವೇ ಸಿನಿಮಾದ ಅತ್ಯಂತ ಒಳ್ಳೆಯ ಭಾಗ ಅಂತ ನನ್ನ ಅಭಿಪ್ರಾಯ. ಮಗಳು ಅದನ್ನು ಬೋರ್ ಎಂದಳು.

ಒಂದು ರಾತ್ರಿ ಪಾಲ್ ಮತ್ತು ವಿಲ್ ಕುಳಿತು ಮಾತಾಡುತ್ತಾರೆ. ಮೊದಲು ನನ್ನ ಅಣ್ಣತಮ್ಮನ ಜೊತೆ ಇದ್ದೆ ಎಂದಿದ್ದ ವಿಲ್, ಮಾತಿನ ಮಧ್ಯೆ ತಾನು ಮನೆಗೆ ಒಬ್ಬನೇ ಮಗ ಎನ್ನುತ್ತಾನೆ. ಪಾಲ್ ಕೂಡಲೇ ಹಿಡಿಯುತ್ತಾನೆ. ಅಲ್ಲ, ಹೆಂಡತಿಯ ಅಣ್ಣತಮ್ಮ, ಅವನೂ ನನಗೆ ಹಾಗೆಯೇ ಎಂದು ವಿಲ್ ಸರಿಪಡಿಸುತ್ತಾನೆ. ಅಷ್ಟೇ. ಭಾವನನ್ನು ಅಣ್ಣ ಎಂದು ಕರೆಯದವರು ನಮ್ಮಲ್ಲಿ ಯಾರಿದ್ದಾರೆ? ಆದರೆ ಆ ಒಂದು ಮಾತಿನ ಮೇಲೆ ಪಾಲ್‌ನ ಮುಖ ಬದಲಾಗುತ್ತದೆ. ಅಲ್ಲಿಂದ ಮುಂದೆ ಆ ಮನೆಯಲ್ಲಿ ಎಲ್ಲ ಮಾತಿಗೂ ಎರಡು ಅರ್ಥ.

ಆಮೇಲೆ ಒಂದು ರಾತ್ರಿ ಕೆಂಪು ಬಾಗಿಲು ತೆರೆದಿರುತ್ತದೆ. ಕಾಡಿಗೆ ಓಡಿಹೋಗಿದ್ದ ನಾಯಿ ರಕ್ತ ಸುರಿಸುತ್ತಾ ಬಿದ್ದಿರುತ್ತದೆ. ಬಾಗಿಲು ತೆರೆದದ್ದು ಯಾರು? ನಿದ್ದೆಗಣ್ಣಲ್ಲಿ ನಡೆದ ಮಗುವೇ, ಟ್ರಾವಿಸನೇ? ಸಿನಿಮಾ ಕೊನೆಯವರೆಗೆ ಹೇಳುವುದಿಲ್ಲ. ಪಾಲ್‌ಗೆ ಮಾತ್ರ ಉತ್ತರ ಬೇಕು. ಎರಡು ಕುಟುಂಬಗಳೂ ಬೇರೆ ಬೇರೆ ಕೋಣೆ ಸೇರುತ್ತವೆ. ಆ ಕೋಣೆಯಲ್ಲಿ ಮಗು ಅಳುವುದು ಕೇಳಿ ಟ್ರಾವಿಸ್ ತಂದೆಗೆ ಹೇಳುತ್ತಾನೆ. ತಂದೆ ತಾಯಿ ಮಾಸ್ಕ್ ಹಾಕಿ, ಬಂದೂಕು ಹಿಡಿದು ಹೋಗುತ್ತಾರೆ. ಬಂದ ಮೂವರೂ ಸಾಯುತ್ತಾರೆ, ಮಗು ಸೇರಿ. ಆಮೇಲೆ ಟ್ರಾವಿಸ್ ಮೈಮೇಲೆ ಹುಣ್ಣು ಕಾಣಿಸುತ್ತದೆ. ಕೊನೆಯ ದೃಶ್ಯದಲ್ಲಿ ಊಟದ ಮೇಜಿನ ಎರಡು ಕಡೆ ಗಂಡ ಹೆಂಡತಿ ಕುಳಿತಿದ್ದಾರೆ. ಅವರಿಗೂ ರೋಗ ಹಿಡಿದಿದೆ. ಮಾತಿಲ್ಲ.

ನಾವು ಮಲಯಾಳಂ ಸಿನಿಮಾ ನೋಡುವವರು. 2018ರ ಕೋಝಿಕ್ಕೋಡಿನ ನಿಪಾ ಬಗ್ಗೆ ಆಶಿಕ್ ಅಬು ಮಾಡಿದ 'ವೈರಸ್' ನಮ್ಮಲ್ಲಿ ತುಂಬ ಜನ ನೋಡಿದ್ದಾರೆ. ಅದರಲ್ಲಿ ಡಾಕ್ಟರ್ ಇದ್ದಾರೆ, ನರ್ಸ್ ಇದ್ದಾರೆ, ಮಂತ್ರಿ ಇದ್ದಾರೆ, ಯಾರಿಂದ ಯಾರಿಗೆ ಹರಡಿತು ಅಂತ ಗೋಡೆಯ ಮೇಲೆ ಗೆರೆ ಎಳೆಯುವವರಿದ್ದಾರೆ. ಕೊನೆಗೆ ಉತ್ತರ ಸಿಗುತ್ತದೆ, ನೋಡುವವರಿಗೆ ಧೈರ್ಯ ಬರುತ್ತದೆ. ಈ ಅಮೆರಿಕದ ಸಿನಿಮಾದಲ್ಲಿ ಅದು ಒಂದೂ ಇಲ್ಲ. ಆಶಾ ಕಾರ್ಯಕರ್ತೆ ಇಲ್ಲ, ಪಂಚಾಯತ್ ಇಲ್ಲ, ನೆರೆಯವರಿಲ್ಲ, ಪಳ್ಳಿ ಇಲ್ಲ. ಒಂದು ಮನೆ, ಒಬ್ಬ ಯಜಮಾನ, ಒಂದು ಕೀಲಿಕೈ. ಮನುಷ್ಯನನ್ನು ಹಾಗೆ ಬಿಟ್ಟರೆ ಎಷ್ಟು ದಿನದಲ್ಲಿ ಎಲ್ಲಿಗೆ ಮುಟ್ಟುತ್ತಾನೆ ಎನ್ನುವುದೇ ಕಥೆ. ಅದು ನಮ್ಮ ಕಥೆ ಅಲ್ಲ, ನಮಗೆ ಎಲ್ಲವೂ ಇತ್ತು ಅಂತ ಅರ್ಧ ಸಿನಿಮಾದವರೆಗೆ ನಾನೂ ಅಂದುಕೊಂಡಿದ್ದೆ.

ಸಿನಿಮಾ ಮುಗಿದಾಗ ಮಗಳು ಕೇಳಿದಳು, "ಉಪ್ಪ, ತಲಪಾಡಿಯಲ್ಲಿ ನಮಗೆ ಹೀಗೇ ಮಾಡಿದ್ದಲ್ವಾ?"

ಹೌದು. ಆ ಕಥೆ ನಮ್ಮ ಮನೆಯಲ್ಲಿ ಮಕ್ಕಳಿಗೆ ಬಾಯಿಪಾಠ. ಮಂಜೇಶ್ವರ ತಾಲೂಕಿನ ನಮಗೆ ಕಾಸರಗೋಡಿಗಿಂತ ಮಂಗಳೂರು ಹತ್ತಿರ. 1956ರಲ್ಲಿ ಗೆರೆ ಎಳೆದರೂ ಹೆರಿಗೆ, ಹೃದಯ, ಕಿಡ್ನಿ ಎಲ್ಲ ಮಂಗಳೂರಿನಲ್ಲೇ. ಉಕ್ಕಿನಡ್ಕದಲ್ಲಿ ಮೆಡಿಕಲ್ ಕಾಲೇಜಿಗೆ 2013ರಲ್ಲಿ ಕಲ್ಲು ಹಾಕಿದ್ದು, 2020ರ ಮಾರ್ಚ್ ಬಂದರೂ ಅದು ಬಾಗಿಲು ತೆರೆದಿರಲಿಲ್ಲ. ಆ ಮಾರ್ಚ್ ಕೊನೆಯಲ್ಲಿ ಕಾಸರಗೋಡು ಜಿಲ್ಲೆಯ ಸೋಂಕಿತರ ಸಂಖ್ಯೆ ನೂರು ದಾಟಿತು. ಕರ್ನಾಟಕ ಗಡಿ ಮುಚ್ಚಿತು. ರಸ್ತೆಗಳಿಗೆ ಮಣ್ಣು ಸುರಿದರು. ಆ್ಯಂಬುಲೆನ್ಸ್‌ಗಳನ್ನೂ ತಿರುಗಿಸಿ ಕಳಿಸಿದರು. ಹಲವರು ಚಿಕಿತ್ಸೆ ಸಿಗದೆ ತೀರಿಹೋದರು. ಕೇರಳ ಹೈಕೋರ್ಟ್ ಏಪ್ರಿಲ್ 1ರಂದು ರೋಗಿಗಳಿಗೆ ದಾರಿ ಬಿಡಿಸಿ ಎಂದು ಕೇಂದ್ರಕ್ಕೆ ಹೇಳಿತು. ವಿಷಯ ಸುಪ್ರೀಂ ಕೋರ್ಟಿಗೂ ಹೋಯಿತು.

ನನ್ನ ಬಾಪನಿಗೆ ಆಗ ವಾರಕ್ಕೆ ಎರಡು ಸಲ ಮಂಗಳೂರಿನಲ್ಲಿ ಡಯಾಲಿಸಿಸ್. ಒಂದು ಬೆಳಗ್ಗೆ ಆಸ್ಪತ್ರೆಯ ಚೀಟಿ, ಫೈಲು ಎಲ್ಲ ಹಿಡಿದುಕೊಂಡು ಹೋದ ನಮ್ಮನ್ನು ಗಡಿಯಿಂದ ವಾಪಸ್ ಕಳಿಸಿದರು. ಕಾಲು ಊದಿಕೊಂಡಿತ್ತು. ದಕ್ಷಿಣದ ಕಡೆ ಒಂದು ಆಸ್ಪತ್ರೆಯಲ್ಲಿ ಜಾಗ ಸಿಗುವಾಗ ನಾಲ್ಕು ದಿನ ಕಳೆದಿತ್ತು. ಆ ನಾಲ್ಕು ರಾತ್ರಿ ಅವರ ಉಸಿರಿನ ಸದ್ದು ಕೇಳುತ್ತಾ ಕುಳಿತದ್ದು ನನಗೆ ಇವತ್ತಿಗೂ ಮರೆತಿಲ್ಲ. ಅಲ್ಲಾಹನ ಕೃಪೆ, ಅವರು ಉಳಿದರು. ಎರಡು ವರ್ಷ ಕಳೆದು, ಬೇರೆ ಕಾರಣಕ್ಕೆ ಹೋದರು.

ಆ ಸಿಟ್ಟು ನನಗೆ ಇದೆ, ಇರುತ್ತದೆ. ಬಂದ್ ಮಾಡಿದವರ ಮಾತು ಏನಿತ್ತು? ನಮ್ಮ ಜನರನ್ನು ಉಳಿಸಬೇಕು, ಅಲ್ಲಿ ರೋಗ ಜಾಸ್ತಿ ಇದೆ. ಅದು ಸುಳ್ಳೂ ಅಲ್ಲ. ಪಾಲ್ ಕೂಡ ಒಂದು ಸುಳ್ಳು ಹೇಳುವುದಿಲ್ಲ. ಸಿನಿಮಾದ ಉದ್ದಕ್ಕೂ ಅವನು ಮಾಡುವ ಒಂದೊಂದು ಕೆಲಸಕ್ಕೂ ಒಂದೊಂದು ಸರಿಯಾದ ಕಾರಣ ಇದೆ. ಅದನ್ನೇ ನಾನು ಮಗಳಿಗೆ ವಿವರಿಸಲು ಶುರು ಮಾಡಿದೆ. ಮಾತು ಅರ್ಧದಲ್ಲಿ ನಿಂತಿತು. ಅವಳ ಹಿಂದೆ ಮೆಟ್ಟಿಲು ಕಾಣಿಸುತ್ತಿತ್ತು.

ಈಗ ಹೇಳುವುದನ್ನು ನಾನು ಈ ಮೊದಲು ಎಲ್ಲಿಯೂ ಹೇಳಿಲ್ಲ. ನಿಮ್ಮಲ್ಲಿ ಕೆಲವರ ಮನೆಯಲ್ಲೂ ಇಂಥದ್ದು ನಡೆದಿರಬಹುದು.

ನನ್ನ ತಮ್ಮ ಶಾರ್ಜಾದಲ್ಲಿ. 2020ರ ಮಾರ್ಚ್ ಮಧ್ಯದಲ್ಲಿ, ವಿಮಾನ ನಿಲ್ಲುವುದಕ್ಕೆ ಕೆಲವು ದಿನ ಮೊದಲು ಊರಿಗೆ ಬಂದ. ಅವನ ಹೆಂಡತಿ ಹೆರಿಗೆಗೆ ತಾಯಿ ಮನೆಗೆ ಹೋಗಿದ್ದಳು. ಅಲ್ಲಿಗೆ ಹೋಗುವಂತಿಲ್ಲ, ನಮ್ಮ ಮನೆಗೆ ಬಂದ. ಮೇಲಿನ ಕೋಣೆಯಲ್ಲಿ ಕ್ವಾರಂಟೈನ್. ಅದು ಸರಿಯೇ. ಕೆಳಗೆ ಡಯಾಲಿಸಿಸ್ ರೋಗಿ ಇದ್ದಾರೆ, ಅವನೇ ಮೊದಲು ಹೇಳಿದ್ದು, ನಾನು ಕೆಳಗೆ ಬರುವುದಿಲ್ಲ ಅಂತ. ಮೆಟ್ಟಿಲಿನ ತಿರುವಿನಲ್ಲಿ ಒಂದು ಪ್ಲಾಸ್ಟಿಕ್ ಕುರ್ಚಿ ಇಟ್ಟೆ. ಅದರ ಮೇಲೆ ಪತ್ತಿರ್, ಮೀನು ಸಾರು, ನೀರು ಇಟ್ಟು ಕೂಗಿ ಕೆಳಗೆ ಬರುವುದು. ಅವನು ಬಂದು ತೆಗೆದುಕೊಂಡು ಹೋಗುವುದು. ಆಶಾ ಕಾರ್ಯಕರ್ತೆ ಗೇಟಿನ ಹತ್ತಿರ ಬಂದು ಜ್ವರ ಇದೆಯಾ, ಕೆಮ್ಮು ಇದೆಯಾ ಕೇಳುತ್ತಿದ್ದರು. ಅವನಿಗೆ ಒಂದು ಸೀನು ಕೂಡ ಬರಲಿಲ್ಲ.

ಆ ದಿನಗಳಲ್ಲಿ 'ಗಲ್ಫಿನಿಂದ ಬಂದವನು' ಎನ್ನುವ ಮಾತು ಹೇಗೆ ಕೇಳಿಸುತ್ತಿತ್ತು ನೆನಪಿದೆಯಾ? ಅದರ ಹಿಂದಿನ ವರ್ಷದವರೆಗೆ ಅದೇ ಮಾತಿಗೆ ಎದ್ದು ನಿಲ್ಲುತ್ತಿದ್ದೆವು. ನಮ್ಮ ಪಳ್ಳಿಯ ಮಹಡಿ, ಮದರಸದ ಬೆಂಚು, ತಂಗಿಯಂದಿರ ಮದುವೆಯ ಚಿನ್ನ, ಬಾಪನ ಡಯಾಲಿಸಿಸ್ ಬಿಲ್ಲು ಎಲ್ಲ ಗಲ್ಫಿನದ್ದು. ಹೊರಗಿನವರು ಬೈದದ್ದನ್ನು ನಾವು ಇವತ್ತಿಗೂ ಹೇಳುತ್ತೇವೆ, ಹೇಳಬೇಕಾದ್ದೇ. ಆದರೆ "ಈಗ ಯಾಕೆ ಬಂದೆ?" ಅಂತ ಮೊದಲು ಕೇಳಿದ್ದು ಹೊರಗಿನವರಲ್ಲ. ನಮ್ಮ ಕುಟುಂಬದ ವಾಟ್ಸಾಪ್ ಗುಂಪಿನಲ್ಲೇ ಕೇಳಿದರು. ನಮ್ಮ ಮನೆಗೆ ಹಾಲು ಕೊಡುವುದನ್ನು ನಿಲ್ಲಿಸಿದ್ದು ನಮ್ಮದೇ ಜಮಾಅತಿನವರು. ನನಗೆ ಅವರ ಮೇಲೆ ಸಿಟ್ಟು ಬಂತು. ತಮ್ಮನ ಮೇಲೆಯೂ ಬಂತು. ಅದನ್ನು ಒಪ್ಪಿಕೊಳ್ಳಲಿಕ್ಕೆ ಇಷ್ಟು ವರ್ಷ ಬೇಕಾಯಿತು.

ಸರಕಾರ ಹೇಳಿದ ದಿನಗಳು ಏಪ್ರಿಲ್‌ನಲ್ಲೇ ಮುಗಿದವು. ಆರೋಗ್ಯ ಇಲಾಖೆಯವರು ಫೋನ್ ಮಾಡಿ ಇನ್ನು ತೊಂದರೆ ಇಲ್ಲ ಎಂದರು. ಹೆಂಡತಿಯ ಊರಿಗೆ ಹೋಗಲು ರಸ್ತೆ ಬಂದ್, ಹುಟ್ಟಿದ ಮಗುವನ್ನು ಅವನು ಫೋನಿನಲ್ಲೇ ನೋಡಿದ. ನಾನು ಕುರ್ಚಿ ತೆಗೆಯಲಿಲ್ಲ. ಇನ್ನು ಒಂದು ವಾರ ಇರಲಿ ಎಂದೆ. ಆಮೇಲೆ ಮತ್ತೊಂದು ವಾರ. ಆ ಕಾಲದಲ್ಲಿ ಅದು ತಪ್ಪು ಅನಿಸಲೇ ಇಲ್ಲ. ಟೀವಿಯಲ್ಲಿ ದಿನಕ್ಕೊಂದು ಸುದ್ದಿ. ಲಕ್ಷಣ ಇಲ್ಲದವರಿಂದಲೂ ಬರುತ್ತದಂತೆ, ಅಷ್ಟು ದಿನ ಬಿಟ್ಟೂ ಬರುತ್ತದಂತೆ. ನನ್ನ ಕೈಯಲ್ಲಿ ಕಾರಣಗಳ ದೊಡ್ಡ ಪಟ್ಟಿಯೇ ಇತ್ತು.

ರಮಳಾನ್ ಬಂತು. ಎರಡನೆಯದೋ ಮೂರನೆಯದೋ ನೋಂಬು. ಮಗ್ರಿಬ್ ಬಾಂಗಿಗೆ ಎರಡು ನಿಮಿಷ ಇದೆ. ಮೇಜಿನ ಸುತ್ತ ನಾವೆಲ್ಲ, ಬಾಪ ಗೋಡೆಗೆ ಒರಗಿ ಕುಳಿತಿದ್ದಾರೆ. ತಮ್ಮ ಮೆಟ್ಟಿಲಿನ ತಿರುವಿಗೆ ಬಂದ. ತಟ್ಟೆ ತೆಗೆದುಕೊಳ್ಳುವ ಬದಲು ಇನ್ನೂ ಎರಡು ಮೆಟ್ಟಿಲು ಇಳಿದ. ನಾನು ಎದ್ದು ಕೈ ಚಾಚಿ ಅಂಗೈ ತೋರಿಸಿದೆ. ರಸ್ತೆಯಲ್ಲಿ ಪೊಲೀಸರು ವಾಹನ ನಿಲ್ಲಿಸಲು ತೋರಿಸುತ್ತಾರಲ್ಲ, ಹಾಗೆ. ಬಾಪ ನೋಡಿದರು. "ಬರಲಿ ಅವನು" ಎಂದರು. ನಾನು ಬೇಡ ಎಂದೆ. "ನಿಮಗೋಸ್ಕರವೇ ಹೇಳುತ್ತಿರುವುದು" ಎಂದೆ. ತಮ್ಮ ಏನೂ ಹೇಳದೆ ತಟ್ಟೆ ಹಿಡಿದು ಮೇಲೆ ಹೋದ. ಬಾಂಗ್ ಆಯಿತು. ಆ ದಿನ ಬಾಪ ಒಂದು ಖರ್ಜೂರ, ನೀರು ಬಿಟ್ಟು ಏನೂ ಮುಟ್ಟಲಿಲ್ಲ.

ಅವನು ಕೆಳಗೆ ಕುಳಿತು ಉಂಡದ್ದು ಮೇ 24ರಂದು, ಪೆರ್ನಾಲ್ ದಿನ. ಬಂದು ಎರಡು ತಿಂಗಳು ಕಳೆದಿತ್ತು.

ಅದೇ ಕೈಯನ್ನು ಒಂದು ತಿಂಗಳ ಹಿಂದೆ ತಲಪಾಡಿಯಲ್ಲಿ ಪೊಲೀಸರು ನನಗೆ ತೋರಿಸಿದ್ದರು. ಆ ಕೈಯ ಬಗ್ಗೆ ನಾನು ನೂರು ಸಲ ಮಾತಾಡಿದ್ದೇನೆ, ಮದುವೆ ಮನೆಗಳಲ್ಲಿ, ಪಳ್ಳಿಯ ಅಂಗಳದಲ್ಲಿ, ಮಂಗಳೂರಿನ ನೆಂಟರ ಎದುರಿಗೂ. ನನ್ನ ಕೈಯ ಬಗ್ಗೆ ಮಾತಾಡಲಿಲ್ಲ. ಎರಡೂ ಒಂದೇ ಅಂತ ನಾನು ಹೇಳುತ್ತಿಲ್ಲ. ಸರಕಾರಕ್ಕೆ ಕೋರ್ಟು ಇದೆ, ಹೊಣೆ ಇದೆ, ಅದರ ತಪ್ಪಿಗೆ ಜನ ಸತ್ತರು. ನನ್ನ ತಪ್ಪಿಗೆ ಯಾರೂ ಸಾಯಲಿಲ್ಲ. ಆದರೆ ಸರಕಾರದ ತಪ್ಪನ್ನು ಕೇಳಲು ಕೇರಳ ಹೈಕೋರ್ಟ್ ಇತ್ತು. ಮೆಟ್ಟಿಲಿನ ಮೇಲೆ ನಿಂತವನಿಗೆ ಯಾವ ಹೈಕೋರ್ಟ್?

ಪಾಲ್ ಒಬ್ಬ ಹುಚ್ಚ, ಸ್ವಾರ್ಥಿ ಅಂತ ಬರೆದವರೂ ಇದ್ದಾರೆ. ನನಗೆ ಹಾಗೆ ಕಾಣಲಿಲ್ಲ. ಕುಟುಂಬ ಬಿಟ್ಟು ಬೇರೆ ಯಾರನ್ನೂ ನಂಬಬೇಡ ಎಂದು ಅವನು ಮಗನಿಗೆ ಹೇಳುತ್ತಾನೆ. ನಮ್ಮಲ್ಲಿ ಯಾವ ತಂದೆ ಅದನ್ನು ಹೇಳಿಲ್ಲ? ಆ ಮಾತಿನ ತೊಂದರೆ ಏನೆಂದರೆ, ಕುಟುಂಬ ಅಂದರೆ ಯಾರು ಎನ್ನುವುದು ಪ್ರತಿ ದಿನ ಚಿಕ್ಕದಾಗುತ್ತಾ ಹೋಗುತ್ತದೆ. ಮೊದಲು ಗಡಿಯ ಆಚೆಯವರು ಹೊರಗೆ. ಆಮೇಲೆ ಬೇರೆ ಧರ್ಮದವರು. ಆಮೇಲೆ ಗಲ್ಫಿನವರು. ಆಮೇಲೆ ನೆರೆಮನೆ. ಕೊನೆಗೆ ಒಂದೇ ತಾಯಿಯ ಹೊಟ್ಟೆಯಲ್ಲಿ ಹುಟ್ಟಿದವನು ಮೆಟ್ಟಿಲಿನ ಮೇಲೆ. ನನ್ನ ಮನೆಯಲ್ಲಿ ಇದಕ್ಕೆ ಎರಡು ತಿಂಗಳೂ ಬೇಕಾಗಲಿಲ್ಲ.

ಅದಕ್ಕೇ ಈ ಸಿನಿಮಾವನ್ನು ನಮ್ಮ ಮನೆಗಳಲ್ಲಿ ದೊಡ್ಡವರು ನೋಡಬೇಕು ಅನ್ನುತ್ತೇನೆ. ಚಿಕ್ಕ ಮಕ್ಕಳಿಗೆ ಬೇಡ. ಕನಸಿನ ದೃಶ್ಯಗಳು ಕಷ್ಟ, ನಾಯಿಯ ಭಾಗ ಇನ್ನೂ ಕಷ್ಟ. ಚೆನ್ನಾಗಿದೆ ಅಂತ ಹೊಗಳಲೂ ನಾನು ಬಂದಿಲ್ಲ. ಹೆಂಗಸರ ಪಾತ್ರಗಳಿಗೆ ಹೆಚ್ಚು ಮಾತೇ ಕೊಟ್ಟಿಲ್ಲ, ಕಾಡಿನಲ್ಲಿ ಏನಿದೆ ಎಂದು ಹೆದರಿಸಿ ಹೆದರಿಸಿ ಕೊನೆಗೆ ಕೈ ಬಿಡುವುದು ಸ್ವಲ್ಪ ಮೋಸ. ಆದರೆ ಕೋವಿಡ್ ಬಗ್ಗೆ ನಾವು ಮಕ್ಕಳಿಗೆ ಹೇಳುವ ಕಥೆಯಲ್ಲಿ ಅರ್ಧ ಮಾತ್ರ ಇದೆ. ನಮಗೆ ಯಾರು ಏನು ಮಾಡಿದರು ಎನ್ನುವ ಅರ್ಧ. ಕಿಟ್ ಹಂಚಿದ್ದು, ಮಯ್ಯತ್ ದಫನ ಮಾಡಿದ್ದು, ಸಮುದಾಯ ಅಡುಗೆಮನೆ ನಡೆಸಿದ್ದು ಕೂಡ ಹೇಳುತ್ತೇವೆ, ಅದೆಲ್ಲ ನಿಜವೇ. ಇನ್ನೊಂದು ಅರ್ಧವನ್ನು ಕೇಳಬೇಕಾದರೆ ಆಗ ಗಲ್ಫಿನಿಂದ ಬಂದವರನ್ನು ಕೂರಿಸಿ ಕೇಳಬೇಕು. ನಾನು ಮಗಳಿಗೆ ಆ ರಾತ್ರಿಯೇ ಹೇಳಿದೆ. ಅವಳಿಗೆ ಆಗ ಹನ್ನೆರಡು ವರ್ಷ, ಕುರ್ಚಿ ನೆನಪಿತ್ತು, ಕೈ ನೆನಪಿರಲಿಲ್ಲ. "ಚಿಕ್ಕಪ್ಪ ರಜೆಯಲ್ಲಿ ಬಂದಾಗ ಇಲ್ಲಿ ರಾತ್ರಿ ನಿಲ್ಲದೆ ಇರೋದು ಅದಕ್ಕಾ?" ಎಂದಳು.

ನಾನು ಅದನ್ನು ಅವನ ಹೆಂಡತಿಯ ಮನೆ ಹತ್ತಿರ, ಮಗು ಚಿಕ್ಕದು ಎಂದು ಇಷ್ಟು ವರ್ಷ ಅಂದುಕೊಂಡಿದ್ದೆ.

ಮರುದಿನ ತಮ್ಮನಿಗೆ ವಾಟ್ಸಾಪಿನಲ್ಲಿ ಬರೆದೆ. ನೇರವಾಗಿ ಬರೆಯಲು ಬರಲಿಲ್ಲ. ಹೀಗೊಂದು ಸಿನಿಮಾ ನೋಡಿದೆ, ಹೀಗೆ ಕಥೆ, ನೀನೂ ನೋಡು, ಆಮೇಲೆ ಸ್ವಲ್ಪ ಮಾತಾಡಲಿಕ್ಕಿದೆ ಎಂದು ಬರೆದೆ. ಶಾರ್ಜಾದಲ್ಲಿ ಅವನ ಡ್ಯೂಟಿ ಮುಗಿಯುವವರೆಗೆ ಉತ್ತರ ಇಲ್ಲ. ರಾತ್ರಿ ಬಂತು.

"ನೋಡಿದ್ದೇನೆ. ಆಗಲೇ, ಮೇಲಿನ ರೂಮಿನಲ್ಲಿ, ಫೋನಿನಲ್ಲಿ. ನೀನು ಈಗ ನೋಡಿದ್ದಾ?"

ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು. "ಜೂನ್‌ನಲ್ಲಿ ಬರುತ್ತೇನೆ. ಆಗ ಮಾತಾಡುವ."

ಮೇಲಿನ ಕೋಣೆಗೆ ಸುಣ್ಣ ಬಳಿಸಬೇಕು, ಹಂಚಿನಲ್ಲಿ ಸೋರುತ್ತದೆ.